ತಲೆಗೆ ಸುರಿದ ನೀರು ಸಾಕೆ, ಮತ್ತೆ ಮುಳುಗಬೇಕೆ?

ಪ್ರಶ್ನೆ: ನಾನು ಉಡುಪಿ ಕಡೆಯ ಕೆಥೋಲಿಕ ಮನೆಯವಳು. ಹುಟ್ಟಿದ 22ನೇ ದಿನ ಊರಿನ ಇಗರ್ಜಿಯಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿದೆ. ಯಜಮಾನರು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕಡೆಯವರು. ಈಗ ಬೆಂಗಳೂರಿನಲ್ಲಿದ್ದೇವೆ. ಎರಡು ವರ್ಷದಿಂದ ಮನೆ ಹತ್ತಿರದ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದೇನೆ. ಅಲ್ಲಿನ ಪಾಸ್ಟರ್, "ಮಗುವಾಗಿದ್ದಾಗ ಆದದ್ದು ದೀಕ್ಷಾಸ್ನಾನವೇ ಅಲ್ಲ. ನಂಬಿ, ನೀರಿನಲ್ಲಿ ಮುಳುಗಿ ಏಳದಿದ್ದರೆ ರಕ್ಷಣೆ ಇಲ್ಲ" ಎಂದು ಮಾರ್ಕನ ಸುವಾರ್ತೆ 16:16 ತೋರಿಸುತ್ತಾರೆ. ಅಮ್ಮನಿಗೆ ಹೇಳಿದರೆ, "ಎರಡನೇ ಸಲ ತೆಗೆದುಕೊಂಡರೆ ಮಹಾಪಾಪ" ಎಂದು ಅಳುತ್ತಾರೆ. ಇನ್ನೊಂದು ವಿಷಯ: ಅಕ್ಕನ ಮಗು ಕಳೆದ ವರ್ಷ ಹುಟ್ಟಿದ ಎರಡೇ ದಿನಕ್ಕೆ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತುರ್ತು ನಿಗಾ ಘಟಕ) ತೀರಿಕೊಂಡಿತು, ದೀಕ್ಷಾಸ್ನಾನ ಆಗಿರಲಿಲ್ಲ. "ಲಿಂಬೊಗೆ ಹೋಗಿರುತ್ತದೆ" ಎಂದು ಹಿರಿಯರೊಬ್ಬರು ಆಡಿದ ಮಾತು ಅಕ್ಕನ ಮನಸ್ಸಿನಿಂದ ಇಳಿದಿಲ್ಲ. ನನಗೀಗ ಏಳನೇ ತಿಂಗಳು. ದೀಕ್ಷಾಸ್ನಾನವಿಲ್ಲದೆ ರಕ್ಷಣೆಯೇ ಇಲ್ಲವೆ? ನಾನು ಏನು ಮಾಡಲಿ?

ಉತ್ತರ: ಅಕ್ಕನ ಮಗುವಿನ ವಿಷಯವನ್ನೇ ಮೊದಲು ಹೇಳುತ್ತೇನೆ. ನೀವು ಮುಳುಗಬೇಕೋ ಬೇಡವೋ ಎಂಬುದಕ್ಕೆ ಅವಸರವಿಲ್ಲ. ಅವರ ಸಂಕಟಕ್ಕೆ ಈಗಲೇ ಉತ್ತರ ಬೇಕು.

ಲಿಂಬೊ ಎಂಬುದು ಕೆಥೋಲಿಕ ಸಭೆ ವಿಶ್ವಾಸದ ಸತ್ಯವೆಂದು ಎಂದೂ ವಿಧಿಸಿದ ಬೋಧನೆಯಲ್ಲ. ಐದನೇ ಶತಮಾನದಲ್ಲಿ, ಹುಟ್ಟಿನಿಂದಲೇ ಬರುವ ಪಾಪವಿಲ್ಲ ಎಂದ ಪೆಲಾಗಿಯನ ಪಂಥದೊಡನೆ ವಾದಕ್ಕಿಳಿದ ಸಂತ ಆಗಸ್ಟೀನರು, ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳಿಗೆ ತೀರಾ ಹಗುರವಾದರೂ ಒಂದು ದಂಡನೆ ಇದೆ ಎಂಬ ನಿಲುವಿಗೆ ಬಂದರು. ಆ ಮಾತಿನ ಕಾಠಿಣ್ಯ ತಡೆಯಲಾಗದೆ ಮಧ್ಯಯುಗದ ಪಂಡಿತರು, ನೋವಿಲ್ಲದ, ಆದರೆ ದೇವರ ಮುಖದರ್ಶನವೂ ಇಲ್ಲದ ಒಂದು ನೆಲೆಯನ್ನು ಊಹಿಸಿದರು. ಲಿಂಬೊ ಹುಟ್ಟಿದ್ದು ಹೀಗೆ, ಕರುಣೆಯಿಂದ. ಮುಂದೆ ಅದೇ ಊಹೆ ಅಜ್ಜಿಯಂದಿರ ಬಾಯಲ್ಲಿ ಬೆದರಿಕೆಯಾಯಿತು. 1992ರ ಕೆಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ ಲಿಂಬೊ ಎಂಬ ಮಾತೇ ಇಲ್ಲ. ಅದರ 1261ನೇ ಕಂಡಿಕೆ ಇಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ, ಅವರಿಗೆ ರಕ್ಷಣೆಯ ದಾರಿಯಿದೆ ಎಂದು ನಿರೀಕ್ಷಿಸಲು ಅವಕಾಶ ಕೊಡುತ್ತದೆ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಇದೇ ಪ್ರಶ್ನೆಯ ಮೇಲೆ ದೀರ್ಘ ದಾಖಲೆಯೊಂದನ್ನು, ಪೋಪ್ 16ನೇ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ ಹೊರತಂದಿತು. ಆ ಮಕ್ಕಳು ದೇವರ ಸನ್ನಿಧಿ ಸೇರುತ್ತಾರೆಂದು ಆಶಿಸಲು ಗಟ್ಟಿ ಕಾರಣಗಳಿವೆ ಎಂಬುದು ಅದರ ತೀರ್ಮಾನ. "ಖಚಿತವಾಗಿ ಗೊತ್ತು" ಎನ್ನುವುದಿಲ್ಲ, "ಆಶಿಸಿ" ಎನ್ನುತ್ತದೆ. ಈ ವ್ಯತ್ಯಾಸವನ್ನು ಅಕ್ಕನಿಂದ ಮುಚ್ಚಿಡಬೇಡಿ. ಪೊಳ್ಳು ಸಮಾಧಾನ ಹೆಚ್ಚು ದಿನ ಬಾಳುವುದಿಲ್ಲ.

ನಿಮ್ಮ ಯಜಮಾನರ ಸಭೆಯ ಬೇರುಗಳಲ್ಲಿ ಒಂದಾದ ಸುಧಾರಿತ (ರಿಫಾರ್ಮ್ಡ್) ಪಂಥ ಇನ್ನೂ ಒಂದು ಹೆಜ್ಜೆ ಮುಂದಿದೆ. 1618-19ರಲ್ಲಿ ಡಾರ್ಟ್ ನಗರದಲ್ಲಿ ಕೂಡಿದ ಅದರ ಸಭೆ, ಶೈಶವದಲ್ಲೇ ತೀರಿದ ತಮ್ಮ ಮಕ್ಕಳ ರಕ್ಷಣೆಯ ಬಗ್ಗೆ ವಿಶ್ವಾಸಿಗಳಾದ ತಂದೆತಾಯಿ ಸಂಶಯಪಡಬಾರದು ಎಂದು ಬರೆದಿಟ್ಟಿದೆ. ಮಕ್ಕಳಿಗೆ ದೀಕ್ಷಾಸ್ನಾನವನ್ನೇ ಕೊಡದ ಬ್ಯಾಪ್ಟಿಸ್ಟರೂ ಶಿಶುಗಳು ಕಳೆದುಹೋಗುತ್ತಾರೆಂದು ಸಾಮಾನ್ಯವಾಗಿ ಬೋಧಿಸುವುದಿಲ್ಲ. ಅಕ್ಕ ಬಯಸಿದರೆ ಆ ಮಗುವಿಗಾಗಿ ಬಲಿಪೂಜೆ ಇಡಿಸಲಿ. ದೀಕ್ಷಾಸ್ನಾನಕ್ಕೆ ಮುನ್ನ ತೀರಿಕೊಂಡ ಮಗುವಿಗೆಂದೇ ಪೂಜೆಯ ಪುಸ್ತಕದಲ್ಲಿ ಪ್ರತ್ಯೇಕ ಪ್ರಾರ್ಥನೆಗಳಿವೆ. ದೀಕ್ಷಾಸ್ನಾನ ಮಾಡಿಸುವ ಇರಾದೆ ತಂದೆತಾಯಿಗೆ ಇತ್ತೆಂದಾದರೆ ಅಂಥ ಮಗುವಿಗೆ ಇಗರ್ಜಿಯ ಶವಸಂಸ್ಕಾರಕ್ಕೂ ಬಿಷಪರು ಅನುಮತಿ ಕೊಡಬಹುದು. ಇದು ಗೊತ್ತಿಲ್ಲದೆ ಎಷ್ಟೋ ಮನೆಯವರು ಹೆಸರೂ ಇಡದೆ ಕತ್ತಲಲ್ಲಿ ಹೂತು ಬರುತ್ತಾರೆ.

ಈಗ ಪಾಸ್ಟರ್ ಮತ್ತು ಅಮ್ಮನ ನಡುವಿನ ಜಗಳ. ಇಬ್ಬರೂ ಬಳಸುವ ಪದ ಒಂದೇ, ಹೇಳುತ್ತಿರುವ ಸಂಗತಿ ಬೇರೆ. ದೀಕ್ಷಾಸ್ನಾನದಲ್ಲಿ ಕೆಲಸ ಮಾಡುವವರು ಯಾರು ಎಂದು ಕೇಳಿ ನೋಡಿ. ಕೆಥೋಲಿಕರು, ಆರ್ಥೊಡಾಕ್ಸರು, ಲೂಥರನರು "ದೇವರು" ಎನ್ನುತ್ತಾರೆ: ಅಲ್ಲಿ ದೇವರು ಕೊಡುತ್ತಾನೆ, ಮನುಷ್ಯ ಪಡೆಯುತ್ತಾನೆ. ಬ್ಯಾಪ್ಟಿಸ್ಟರು, ಬ್ರದರನ್ನರು, ಪೆಂತಕೋಸ್ತರಲ್ಲಿ ಬಹುಪಾಲು ಜನ "ನಂಬಿದವನು" ಎನ್ನುತ್ತಾರೆ: ಒಳಗೆ ಈಗಾಗಲೇ ನಡೆದಿರುವ ರಕ್ಷಣೆಯನ್ನು ಅವನು ಊರೆದುರು ಸಾರುತ್ತಾನೆ. ಮಗುವಿಗೆ ಕೊಡಬಹುದೆ, ಎರಡನೇ ಸಲ ಸಾಧ್ಯವೆ, ನೀರು ಎಷ್ಟು ಬೇಕು, ಮೂರೂ ಪ್ರಶ್ನೆಗಳ ಉತ್ತರ ಇಲ್ಲಿಂದಲೇ ಕವಲೊಡೆಯುತ್ತದೆ. ಕೊಡುವವನು ದೇವರಾದರೆ ಪಡೆಯಲು ಮಗುವಿಗೇನು ಅಡ್ಡಿ? ಹೆಸರನ್ನೂ ತಾಯ್ನುಡಿಯನ್ನೂ ಅದರ ಒಪ್ಪಿಗೆ ಕೇಳದೆಯೇ ಕೊಡುತ್ತೇವಲ್ಲ. ಸಾರುವುದು ಮನುಷ್ಯನ ಕೆಲಸವಾದರೆ ಮಾತೇ ಬಾರದ ಮಗು ಏನನ್ನು ಸಾರೀತು? ನಂಬಿಕೆ ತಾಯ್ನುಡಿಯ ಹಾಗೆ ಮನೆಯಿಂದ ಬರುವಂಥದ್ದಲ್ಲ ಎಂಬ ಅವರ ಉತ್ತರವನ್ನೂ ತಳ್ಳಿಹಾಕುವಂತಿಲ್ಲ.

ಮಾರ್ಕ 16:16ನ್ನು ಪೂರ್ತಿ ಓದಿ. ನಂಬಿ ದೀಕ್ಷಾಸ್ನಾನ ಪಡೆದವನಿಗೆ ರಕ್ಷಣೆ, ನಂಬದವನಿಗೆ ದಂಡನೆ. ಎರಡನೇ ಅರ್ಧದಲ್ಲಿ "ದೀಕ್ಷಾಸ್ನಾನ ಪಡೆಯದವನಿಗೆ" ಎಂದಿಲ್ಲ. ಮುಳುಗುವ ಮಾತಂತೂ ಎಲ್ಲಿಯೂ ಇಲ್ಲ. ಮಾರ್ಕನ ಆ ಕೊನೆಯ ವಚನಗಳು (16:9ರಿಂದ 20) ಅತಿ ಹಳೆಯ ಎರಡು ಹಸ್ತಪ್ರತಿಗಳಾದ ಸಿನಾಯ್ಟಿಕಸ್ ಮತ್ತು ವ್ಯಾಟಿಕಾನಸ್‌ಗಳಲ್ಲಿ ಇಲ್ಲದಿರುವುದರಿಂದ, ತಿಳಿದವರು ಒಂದು ಇಡೀ ಸಿದ್ಧಾಂತವನ್ನು ಅವುಗಳ ಮೇಲೆಯೇ ಕಟ್ಟುವುದಿಲ್ಲ. ಗಟ್ಟಿ ವಚನಗಳು ಬೇರೆ ಇವೆ. ನೀರಿನಿಂದಲೂ ಆತ್ಮನಿಂದಲೂ ಹುಟ್ಟದವನು ದೇವರ ರಾಜ್ಯ ಸೇರಲಾರ ಎಂಬ ಯೋಹಾನ 3:5, ಪಾಪಗಳ ಪರಿಹಾರಕ್ಕಾಗಿ ದೀಕ್ಷಾಸ್ನಾನ ಎಂಬ ಅಪೊಸ್ತಲರ ಕೃತ್ಯಗಳು 2:38, ದೀಕ್ಷಾಸ್ನಾನ ಈಗ ನಿಮ್ಮನ್ನು ರಕ್ಷಿಸುತ್ತದೆ ಎಂದು ನೇರವಾಗಿಯೇ ಹೇಳುವ 1 ಪೇತ್ರ 3:21. "ಅದು ಬರೀ ಗುರುತು" ಎನ್ನುವವರು ಈ ಮೂರರ ಮುಂದೆ ತಡವರಿಸುತ್ತಾರೆ. ಪೇತ್ರನ ಪತ್ರ ಅದೇ ಉಸಿರಿನಲ್ಲಿ, ಮೈಕೊಳೆ ತೊಳೆಯುವುದರಿಂದಲ್ಲ, ಒಳ್ಳೆಯ ಮನಸ್ಸಾಕ್ಷಿಯಿಂದ ದೇವರ ಕಡೆ ತಿರುಗುವುದರಿಂದ ಎಂದೂ ಸೇರಿಸುತ್ತದೆ.

"ನೀರಿಲ್ಲದೆ ಇಲ್ಲವೇ ಇಲ್ಲ" ಎನ್ನುವವರು ತಡವರಿಸುವ ಜಾಗಗಳೂ ಇವೆ. ಯೇಸುವಿನ ಪಕ್ಕ ಶಿಲುಬೆಗೇರಿದ ಕಳ್ಳನಿಗೆ ನೀರು ಸಿಗಲಿಲ್ಲ, ಪರದೈಸು ಸಿಕ್ಕಿತು. ರೋಮನ್ ಸೇನಾಧಿಕಾರಿ ಕೊರ್ನೇಲಿಯನ ಮನೆಯಲ್ಲಿ ಪವಿತ್ರಾತ್ಮ ಮೊದಲು ಇಳಿದು, ನೀರು ಆಮೇಲೆ ಬಂತು. ಸಮಾರ್ಯದಲ್ಲಿ ನೀರು ಮೊದಲು, ಆತ್ಮ ಆಮೇಲೆ. ಅದೇ ಸಮಾರ್ಯದ ಮಂತ್ರವಾದಿ ಸಿಮೋನ ನಂಬಿ ನೀರಿಗಿಳಿದವನೇ. ಆದರೂ ದುಡ್ಡು ಕೊಟ್ಟು ಆತ್ಮನ ಬಲ ಕೊಳ್ಳಲು ಹೋದಾಗ, ನಿನ್ನ ಹೃದಯ ನೆಟ್ಟಗಿಲ್ಲ ಎಂದು ಪೇತ್ರನಿಂದ ಬೈಸಿಕೊಂಡ. ತಾನು ಬಂದದ್ದು ದೀಕ್ಷಾಸ್ನಾನ ಕೊಡಲು ಅಲ್ಲ, ಸುವಾರ್ತೆ ಸಾರಲು ಎಂದು ಪೌಲನೇ ಕೊರಿಂಥದವರಿಗೆ ಬರೆದ.

ಇದೆಲ್ಲ ನೋಡಿಯೇ ದೊಡ್ಡ ಸಭೆಗಳು ಎಚ್ಚರದ ಮಾತು ಆಡುತ್ತವೆ. ಟ್ರೆಂಟ್ ಮಹಾಸಭೆ 1547ರಲ್ಲಿ, ದೀಕ್ಷಾಸ್ನಾನ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುವವರನ್ನು ಬಹಿಷ್ಕರಿಸಿತು. ಅದೇ ಕೆಥೋಲಿಕ ಸಭೆ, ವಿಶ್ವಾಸಕ್ಕಾಗಿ ರಕ್ತ ಸುರಿಸಿ ಸತ್ತವರಿಗೂ, ದೀಕ್ಷೆಗೆ ಸಿದ್ಧರಾಗುತ್ತಿದ್ದಾಗಲೇ ತೀರಿಕೊಂಡವರಿಗೂ ಅದರ ಫಲ ಉಂಟು ಎನ್ನುತ್ತದೆ. ಮೇಲೆ ಹೇಳಿದ ಧರ್ಮೋಪದೇಶ ಗ್ರಂಥದ 1257ನೇ ಕಂಡಿಕೆಯ ತಿರುಳು ಇದು: ದೇವರು ರಕ್ಷಣೆಯನ್ನು ಈ ಸಂಸ್ಕಾರಕ್ಕೆ ಕಟ್ಟಿದ್ದಾನೆ, ತನ್ನನ್ನು ಕಟ್ಟಿಕೊಂಡಿಲ್ಲ. 1530ರ ಆಗ್ಸ್‌ಬರ್ಗ್ ವಿಶ್ವಾಸಪತ್ರದಲ್ಲಿ ಲೂಥರನರೂ ದೀಕ್ಷಾಸ್ನಾನ ರಕ್ಷಣೆಗೆ ಅವಶ್ಯ ಎಂದೇ ಬರೆದರು. ಅದು ಸಿಗದೆ ಹೋದದ್ದು ದೋಷವಲ್ಲ, ತಿರಸ್ಕರಿಸಿದ್ದು ದೋಷ ಎಂಬುದು ಅವರಲ್ಲಿ ರೂಢಿಯ ವಿವರಣೆ. ಸಭೆ ಕೊಡಲೇಬೇಕಾದದ್ದು, ವಿಶ್ವಾಸಿ ಪಡೆಯಲೇಬೇಕಾದದ್ದು ಸರಿ. ಅದು ದೇವರ ಕೈಗೆ ಹಾಕಿದ ಬೇಡಿಯಲ್ಲ.

ಆದ್ದರಿಂದ ನಿಮ್ಮ ಪಾಸ್ಟರ್ ಹೇಳುವುದರಲ್ಲಿ ಒಂದು ವಿಚಿತ್ರವಿದೆ. ಶಿಶು ದೀಕ್ಷಾಸ್ನಾನವನ್ನು ಒಪ್ಪದ ಮುಖ್ಯ ಪರಂಪರೆಗಳು ನೀರಿನಿಂದ ರಕ್ಷಣೆ ಎಂಬುದನ್ನೂ ಒಪ್ಪುವುದಿಲ್ಲ. ಅವರಿಗೆ ಅದು ರಕ್ಷಣೆ ಹೊಂದಿದವರ ವಿಧೇಯತೆ. "ಮುಳುಗದಿದ್ದರೆ ರಕ್ಷಣೆಯೇ ಇಲ್ಲ" ಎನ್ನುವವರು ಅವರೊಳಗೇ ಬೇರೆ ಗುಂಪು: ಚರ್ಚಸ್ ಆಫ್ ಕ್ರೈಸ್ಟ್ ಎಂಬ ಸಭೆಗಳು, "ಯೇಸುನಾಮ" ಪಂಥದ ಪೆಂತಕೋಸ್ತರು, ಹೀಗೆ. ನಿಮ್ಮ ಕೂಟ ಯಾವುದಕ್ಕೆ ಸೇರಿದ್ದು ಎಂದು ನೇರವಾಗಿ ಕೇಳಿ. ನೀರಿಗಿಳಿಸುವಾಗ ಯಾವ ಮಾತು ಹೇಳುತ್ತೀರಿ ಎಂದೂ ಕೇಳಿ. "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಎಂದಾದರೆ ಒಂದು ಕಥೆ. "ಯೇಸುವಿನ ಹೆಸರಿನಲ್ಲಿ" ಎಂದಷ್ಟೇ ಆದರೆ, ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಯೇಕತ್ವವನ್ನೇ ಒಪ್ಪದ ಗುಂಪು ಇದ್ದೀತು. ಆ ಸ್ನಾನವನ್ನು ಅಮ್ಮನ ಇಗರ್ಜಿ ಒಪ್ಪುವುದಿಲ್ಲ. ಕರಿಮಣಿ ತೆಗೆಯಬೇಕು, ಹೆಸರು ಬದಲಿಸಬೇಕು ಎಂಬ ಷರತ್ತುಗಳಿದ್ದರೆ ಅವು ಆ ಕೂಟದ ಕಟ್ಟಳೆ. ದೀಕ್ಷಾಸ್ನಾನದ ಅಂಗವಲ್ಲ.

ಅವರ ವಾದದ ಬಲವನ್ನೂ ಹೇಳಿಬಿಡಬೇಕು. ಹೊಸ ಒಡಂಬಡಿಕೆಯಲ್ಲಿ ಶಿಶುವಿಗೆ ದೀಕ್ಷಾಸ್ನಾನ ಕೊಟ್ಟ ಒಂದೇ ಒಂದು ಸ್ಪಷ್ಟ ಪ್ರಸಂಗವಿಲ್ಲ. ಲುದ್ಯಳ ಮನೆಯವರು, ಫಿಲಿಪ್ಪಿಯ ಸೆರೆಮನೆ ಅಧಿಕಾರಿಯ ಮನೆಯವರೆಲ್ಲ ಎಂದಿದೆಯೇ ಹೊರತು, ಆ ಮನೆಗಳಲ್ಲಿ ತೊಟ್ಟಿಲು ಇತ್ತೆ ಎಂದು ಬರೆದಿಲ್ಲ. ಸುಮಾರು ಕ್ರಿ.ಶ. 200ರಲ್ಲಿ ತೆರ್ತುಲ್ಲಿಯನನು ಚಿಕ್ಕ ಮಕ್ಕಳಿಗೆ ಅವಸರಪಡಬೇಡಿ, ತಡಮಾಡಿ ಎಂದು ಬರೆದ. ಬೇಡ ಎನ್ನಬೇಕಾಯಿತೆಂದರೆ ಆಗಲೇ ರೂಢಿಯಲ್ಲಿತ್ತು ಎಂದೂ ಅರ್ಥ, ನೋಡಿ. 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಬಾರಿ ವಯಸ್ಕರಿಗೆ ಮತ್ತೆ ದೀಕ್ಷಾಸ್ನಾನ ಕೊಟ್ಟ ಗುಂಪಿನ ಫೆಲಿಕ್ಸ್ ಮಾಂಟ್ಸ್‌ನನ್ನು ಎರಡು ವರ್ಷದ ಬಳಿಕ ಅಲ್ಲಿನ ಲಿಮ್ಮಾಟ್ ನದಿಯಲ್ಲೇ ಮುಳುಗಿಸಿ ಕೊಂದರು. ಅಷ್ಟು ಬೆಲೆ ತೆತ್ತು ಹಿಡಿದುಕೊಂಡ ನಂಬಿಕೆಯನ್ನು "ಹೊಸ ಪಾಸ್ಟರರ ಹುಚ್ಚು" ಎಂದು ತಳ್ಳಿಬಿಡಬಾರದು ಎಂದು ಅಮ್ಮನಿಗೂ ತಿಳಿಸಿ.

ನೀರಿನ ಪ್ರಮಾಣದ ಜಗಳ ಬೇಗ ಮುಗಿಯುತ್ತದೆ. ಡಿಡಾಕೆ ಎಂಬ ಬಹು ಹಳೆಯ ಕೈಪಿಡಿ ಹರಿಯುವ ನೀರು ಉತ್ತಮ, ಇಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎನ್ನುತ್ತದೆ. ಮುಳುಗುವುದು ಸಾವಿಗಿಳಿದು ಏಳುವ ಅರ್ಥವನ್ನು ಚೆನ್ನಾಗಿ ತೋರಿಸುತ್ತದೆ, ನಿಜ. ಸುರಿಯುವುದು ಆಮೇಲೆ ಯಾರೋ ತಂದ ಸುಲಭದ ದಾರಿ ಎಂಬುದು ಮಾತ್ರ ಸುಳ್ಳು.

ಹಾಗಾದರೆ ನಿಮಗೆ 22ನೇ ದಿನ ಆದದ್ದು ಊರ್ಜಿತವೆ? ಕೆಥೋಲಿಕ ಲೆಕ್ಕದಲ್ಲಿ ಮೂರು ಸಂಗತಿ ನೋಡುತ್ತಾರೆ: ನಿಜವಾದ ನೀರು ತಲೆಯ ಚರ್ಮದ ಮೇಲೆ ಹರಿದಿರಬೇಕು, ಅದೇ ಹೊತ್ತಿಗೆ ಅದೇ ವ್ಯಕ್ತಿ ತ್ರಯೇಕ ನಾಮದ ಮಾತು ಹೇಳಿರಬೇಕು, ಸಭೆ ಮಾಡುವುದನ್ನೇ ಮಾಡುವ ಇರಾದೆ ಅವರಿಗೆ ಇರಬೇಕು. ಗುರುಗಳ ನಡತೆ ಕೆಟ್ಟಿದ್ದರೂ ಅದು ಕೆಡುವುದಿಲ್ಲ. ತಪ್ಪಿ ನಡೆದ ಗುರುಗಳು ಕೊಟ್ಟದ್ದು ಸಲ್ಲದು ಎಂದ ದೊನಾತಿಸ್ಟರೊಡನೆ ಆಗಸ್ಟೀನರು ವಾದಿಸಿ ನಿಲ್ಲಿಸಿದ ಮಾತದು. ಕೆಡುವುದು ಮಾತು ತಪ್ಪಿದರೆ. "ನಾನು" ಎನ್ನುವ ಬದಲು "ನಾವು ನಿನಗೆ ದೀಕ್ಷಾಸ್ನಾನ ಕೊಡುತ್ತೇವೆ" ಎಂದವರದು ಅಸಿಂಧು ಎಂದು ರೋಮ್ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಅಮೆರಿಕದಲ್ಲಿ ಇದರಿಂದಾಗಿ ಬಹಳ ಜನ ಹೊಸದಾಗಿ ಪಡೆಯಬೇಕಾಯಿತು. ನಿಮ್ಮ ವಿಷಯದಲ್ಲಿ ಅಂಥ ಶಂಕೆಗೆ ಕಾರಣ ಕಾಣುವುದಿಲ್ಲ. ಇಗರ್ಜಿಯ ದಫ್ತರದಲ್ಲಿ ಹೆಸರು, ತಾರೀಕು, ಜ್ಞಾನ ತಂದೆತಾಯಿಯ (ಗಾಡ್‌ಪೇರೆಂಟ್ಸ್) ಹೆಸರು ಇರುತ್ತದೆ. ಅದರ ಹೊಸ ಪ್ರತಿಯೊಂದನ್ನು ತರಿಸಿಟ್ಟುಕೊಳ್ಳಿ.

ಅಮ್ಮನ ಮಾತಿನಲ್ಲೂ ಅರ್ಧ ಸತ್ಯ, ಅರ್ಧ ಭಯ. ಕೆಥೋಲಿಕ ಬೋಧನೆಯಂತೆ ದೀಕ್ಷಾಸ್ನಾನದ ಮುದ್ರೆ ಅಳಿಸಲಾರದ್ದು. ಎರಡನೆಯದು ಮೈಗೆ ನೀರಷ್ಟೇ, ಸಂಸ್ಕಾರವಲ್ಲ. ಬೇಕೆಂದೇ ಅದನ್ನು ಕೇಳುವುದು "ಮೊದಲಿನದು ದೇವರ ಕೆಲಸವಾಗಿರಲಿಲ್ಲ" ಎಂದಂತಾಗುತ್ತದೆ, ದೋಷ ಅಲ್ಲಿದೆ. ಆದರೆ ಭಯದಿಂದಲೋ ತಿಳಿಯದೆಯೋ ಮಾಡಿದವರನ್ನು ಸಭೆ ಅದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಇನ್ನು "ದೀಕ್ಷಾಸ್ನಾನ ಆಯಿತು, ರಕ್ಷಣೆ ಖಾತ್ರಿ" ಎಂದು ಅಮ್ಮ ನಂಬಿದ್ದರೆ ಅದೂ ಕೆಥೋಲಿಕ ಬೋಧನೆಯಲ್ಲ. ಮುದ್ರೆ ಅಳಿಯದು, ಕೃಪೆಯನ್ನು ಕಳೆದುಕೊಳ್ಳಬಹುದು. ಮಗುವಾಗಿ ಪಡೆದದ್ದನ್ನು ದೊಡ್ಡವರಾಗಿ ನಂಬಿ ಬಾಳಲೇಬೇಕು. ಇಷ್ಟರ ಮಟ್ಟಿಗೆ ಪಾಸ್ಟರ್ ನಿಮ್ಮನ್ನು ಚುಚ್ಚಿದ್ದು ಒಳ್ಳೆಯದೇ ಆಯಿತು.

ನಿಮ್ಮ ಮುಂದಿರುವ ದಾರಿಗಳಲ್ಲಿ ಕಡಿಮೆ ಅಪಾಯದ್ದು: ಇದ್ದ ದೀಕ್ಷಾಸ್ನಾನವನ್ನೇ ನಿಮ್ಮ ಬಾಯಿಂದ ಒಪ್ಪಿಕೊಳ್ಳುವುದು. ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಇಡೀ ಸಭೆ ಮೇಣದಬತ್ತಿ ಹಿಡಿದು ದೀಕ್ಷಾಸ್ನಾನದ ವಾಗ್ದಾನಗಳನ್ನು ನವೀಕರಿಸುತ್ತದೆ, ನೀರು ಚಿಮುಕಿಸುತ್ತಾರೆ. ಅದನ್ನು ವಾಡಿಕೆಯೆಂದು ಗೊಣಗದೆ, ಒಂದು ಪಾಪನಿವೇದನೆಯ ನಂತರ ಮನಸ್ಸಿಟ್ಟು ಮಾಡಿ. ಯಜಮಾನರ ಸಭೆ ಸೇರುವ ಯೋಚನೆಯಿದ್ದರೂ ಮತ್ತೆ ನೀರು ಬೇಕಿಲ್ಲ. 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆ ಶಿಶು ದೀಕ್ಷಾಸ್ನಾನವನ್ನೂ ವಯಸ್ಕರದ್ದನ್ನೂ ಒಪ್ಪುತ್ತದೆ, ಪುನರಾವರ್ತನೆಯನ್ನು ಒಪ್ಪುವುದಿಲ್ಲ. ಕೂಟಕ್ಕೆ ಹೋಗುತ್ತಲೇ ನೀರಿಗಿಳಿಯದೆ ಇರಬಹುದೆ ಎಂದು ಪಾಸ್ಟರರನ್ನು ಕೇಳುವುದೂ ಒಂದು ದಾರಿ. ಕೆಲವರು ಒಪ್ಪುತ್ತಾರೆ, ರೊಟ್ಟಿ ಮುರಿದು ಹಂಚುವ ಪ್ರಭುಭೋಜನದಲ್ಲಿ ಮಾತ್ರ ಹೊರಗಿಡುತ್ತಾರೆ.

ಮುಳುಗಿಯೇ ತೀರುವುದಾದರೆ ಏನಾಗುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಇಗರ್ಜಿ ಅದನ್ನು ಸಂಸ್ಕಾರವೆಂದು ಎಣಿಸದು, ಆದರೆ ಬೇರೆ ಸಭೆ ಸೇರಿದ ಗುರುತೆಂದು ಎಣಿಸುತ್ತದೆ. ಪರಮಪ್ರಸಾದ ಪಡೆಯುವುದು, ಅಕ್ಕನ ಮುಂದಿನ ಮಗುವಿಗೆ ಜ್ಞಾನತಾಯಿಯಾಗುವುದು, ಊರಿನ ಇಗರ್ಜಿಯ ಸ್ಮಶಾನದ ಜಾಗ, ಎಲ್ಲದರಲ್ಲೂ ಪ್ರಶ್ನೆ ಏಳುತ್ತದೆ. ಮುಂದೆ ವಾಪಸು ಬರಬೇಕೆನಿಸಿದರೆ ಬಾಗಿಲು ಮುಚ್ಚಿರುವುದಿಲ್ಲ: ಪಾಪನಿವೇದನೆ, ವಿಶ್ವಾಸದ ಅರಿಕೆ, ಅಷ್ಟೆ. ಮೂರನೇ ದೀಕ್ಷಾಸ್ನಾನ ಇರುವುದಿಲ್ಲ. ಇಲ್ಲಿ ನನ್ನ ಅಭಿಪ್ರಾಯ ಕೇಳಿದರೆ, ಶಿಶುವಾಗಿ ಪಡೆದದ್ದು ಸುಳ್ಳು ಎಂದು ಓದಿ, ಯೋಚಿಸಿ ಮನವರಿಕೆಯಾದವರು ಇಳಿದರೆ ಅದಕ್ಕೊಂದು ಮರ್ಯಾದೆಯಿದೆ. ನರಕದ ಹೆದರಿಕೆಗೆ, ಅದೂ ಗರ್ಭಿಣಿಯಾಗಿದ್ದಾಗ ಯಾರೋ ಅವಸರಪಡಿಸಿದ್ದಕ್ಕೆ ಇಳಿಯಬೇಡಿ. ಹೆರಿಗೆ ಮುಗಿದು ಆರು ತಿಂಗಳಾದ ಮೇಲೂ ಆ ಪ್ರಶ್ನೆ ಅಲ್ಲೇ ಇರುತ್ತದೆ.

ಹುಟ್ಟಲಿರುವ ಮಗುವಿನ ವಿಷಯವನ್ನು ಯಜಮಾನರ ಜೊತೆ ಈಗಲೇ ಕೂತು ಮಾತಾಡಿ. ಮದುವೆ ಇಗರ್ಜಿಯ ಅನುಮತಿಯಲ್ಲಿ ಆಗಿದ್ದರೆ, ಮಕ್ಕಳಿಗೆ ಕೆಥೋಲಿಕ ದೀಕ್ಷಾಸ್ನಾನ ಕೊಡಿಸಲು ಕೈಲಾದ ಪ್ರಯತ್ನ ಮಾಡುತ್ತೇನೆಂದು ನೀವು ಮಾತು ಕೊಟ್ಟಿರುತ್ತೀರಿ. ಎರಡೂ ಮನೆಯವರನ್ನು ಸಮಾಧಾನಪಡಿಸಲು ಅಲ್ಲೊಮ್ಮೆ ಇಲ್ಲೊಮ್ಮೆ ಮಾಡಿಸುವ ದಂಪತಿಗಳಿದ್ದಾರೆ, ಅದು ಎರಡೂ ಸಭೆಗಳ ದೃಷ್ಟಿಯಲ್ಲಿ ತಪ್ಪು. ಇಗರ್ಜಿಯಲ್ಲಿ ಆದರೆ ಒಬ್ಬ ಕೆಥೋಲಿಕ ಜ್ಞಾನಪೋಷಕರ ಜೊತೆಗೆ ಯಜಮಾನರ ಕಡೆಯವರೊಬ್ಬರು ಸಾಕ್ಷಿಯಾಗಿ ನಿಲ್ಲಬಹುದು. ಜ್ಞಾನಪೋಷಕರಿಗೆ ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ದೃಢೀಕರಣ ಸಂಸ್ಕಾರ ಆಗಿರಬೇಕು.

ಅಕ್ಕನಿಗೆ ಆದದ್ದು ನೋಡಿ ನಿಮಗೂ ದಿಗಿಲಿರಬಹುದು, ಅದಕ್ಕೇ ಇದನ್ನು ಬರೆಯುತ್ತೇನೆ. ಮಗುವಿನ ಜೀವಕ್ಕೆ ಅಪಾಯವಿದ್ದರೆ ಗುರುಗಳು ಬರುವವರೆಗೆ ಕಾಯಬೇಕಿಲ್ಲ. ನೀವೇ, ಯಜಮಾನರೇ, ಡ್ಯೂಟಿಯಲ್ಲಿರುವ ನರ್ಸೇ ಕೊಡಬಹುದು. ಸಭೆಯ ಇರಾದೆಯಂತೆ ಮಾಡುವುದಾದರೆ, ಸ್ವತಃ ದೀಕ್ಷಾಸ್ನಾನ ಪಡೆಯದ ಹಿಂದೂ ನರ್ಸ್ ಕೊಟ್ಟರೂ ಕೆಥೋಲಿಕ ನಿಯಮದಲ್ಲಿ ಅದು ಊರ್ಜಿತ. ನರ್ಸಿನ ಒಪ್ಪಿಗೆ ಪಡೆದು, ಸಿರಿಂಜಿನಲ್ಲಿ ಕೆಲವೇ ಮಿಲಿಲೀಟರು ಉಗುರುಬೆಚ್ಚಗಿನ ಸ್ಟೆರೈಲ್ ನೀರು ತೆಗೆದುಕೊಳ್ಳಿ. ಟ್ಯೂಬು, ಟೇಪುಗಳಿಂದ ದೂರ, ಹಣೆಯ ಮೇಲೆ ಮೂರು ಸಲ ಹರಿಯುವಂತೆ ಬಿಡುತ್ತ, ಬಿಡುವವರೇ ಹೇಳಬೇಕು: "ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ." ಕನ್ನಡ, ಕೊಂಕಣಿ, ತುಳು ಯಾವುದಾದರೂ ಆದೀತು. ಒದ್ದೆ ಹತ್ತಿಯಿಂದ ಒರೆಸಿದರೆ ಸಾಲದು, ನೀರು ಹರಿಯಬೇಕು. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಒದ್ದೆಯಿಂದ ಮೈ ತಣ್ಣಗಾಗುವ ಅಪಾಯವಿದೆ, ತಕ್ಷಣ ಒರೆಸಲು ಹೇಳಿ. ತೀರಿಹೋದ ಮಗುವಿಗೆ ಕೊಡುವುದಿಲ್ಲ, ಸಂಸ್ಕಾರಗಳು ಬದುಕಿರುವವರಿಗೆ. ಆಗ ಹೆಸರಿಟ್ಟು, ಆಶೀರ್ವಾದದ ಪ್ರಾರ್ಥನೆ ಮಾಡಿ.

ಆಮೇಲೆ ಒಂದು ಚೀಟಿಯಲ್ಲಿ ತಾರೀಕು, ಹೊತ್ತು, ಕೊಟ್ಟವರ ಹೆಸರು, ಪಕ್ಕದಲ್ಲಿದ್ದ ಒಬ್ಬರ ಸಹಿ ಬರೆದಿಟ್ಟು ಇಗರ್ಜಿಗೆ ತಲುಪಿಸಿ. ಮಗು ಗುಣವಾಗಿ ಮನೆಗೆ ಬಂದರೆ ಉಳಿದ ಭಾಗ, ಅಂದರೆ ತೈಲಲೇಪನ, ಬಿಳಿ ವಸ್ತ್ರ, ಮೇಣದಬತ್ತಿ, ಇಗರ್ಜಿಯಲ್ಲಿ ನಡೆಯುತ್ತದೆ. ನೀರು ಮಾತ್ರ ಮತ್ತೆ ಹಾಕುವುದಿಲ್ಲ. ಆ ಚೀಟಿ ಇಲ್ಲದೆ ಹೋದರೆ ಕೊಟ್ಟಿದ್ದಾರೋ ಇಲ್ಲವೋ ಎಂಬ ಸಂಶಯದಲ್ಲಿ "ಈವರೆಗೆ ಆಗಿಲ್ಲದಿದ್ದರೆ" ಎಂಬ ಷರತ್ತು ಸೇರಿಸಿ ಮತ್ತೊಮ್ಮೆ ಕೊಡಬೇಕಾಗಿ ಬರುತ್ತದೆ.